ಮೂರನೇ ಮಹಡಿಗೆ ಹತ್ತಕ್ಕೆ ಹತ್ತು

ಲಿಫ್ಟ್ ಇನ್ಸ್‌ಪೆಕ್ಟರು ಹನ್ನೊಂದು ವರ್ಷಗಳಲ್ಲಿ ನಾನೂರ ಹದಿನಾರು ಲಿಫ್ಟುಗಳನ್ನು ಪರೀಕ್ಷಿಸಿ ಸಹಿ ಹಾಕಿದ್ದರು. ಅವುಗಳಲ್ಲಿ ಒಂದರೊಳಗೂ ಕಾಲಿಟ್ಟಿರಲಿಲ್ಲ.

ಇದು ಗುಟ್ಟಿನ ವಿಷಯವೇನಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಅದನ್ನು ಕಟ್ಟುನಿಟ್ಟು ಎಂದುಕೊಂಡಿದ್ದರು. ಬೇರೆ ಇನ್ಸ್‌ಪೆಕ್ಟರುಗಳು ಬಂದು, ಲಿಫ್ಟಿನಲ್ಲಿ ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗಿಳಿದು, ನಡುವೆ ಕನ್ನಡಿ ನೋಡಿಕೊಂಡು ತಲೆ ಬಾಚಿ, ಸಹಿ ಗೀಚಿ ಹೊರಟುಬಿಡುತ್ತಿದ್ದರು. ಇವರು ಹಾಗಲ್ಲ. ಮೆಕ್ಯಾನಿಕ್‌ನನ್ನು ಒಳಗೆ ಕಳಿಸಿ, ತಾವು ಒಂದೊಂದೇ ಮೆಟ್ಟಿಲು ಹತ್ತಿ, ಪ್ರತಿ ಮಹಡಿಯಲ್ಲೂ ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಲಿಫ್ಟನ್ನ ಒಳಗಿಂದ ನೋಡಬಾರದು, ಹೊರಗಿಂದ ಕೇಳಬೇಕು" ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರವೇ ಈ ಮಾತನ್ನು ಅವರಿಗೆ ಕಲಿಸಿದವರು ಇಲಾಖೆಯ ದೊಡ್ಡ ಸಾಹೇಬರು. ಕೇಳಿದ ಜನ ತಲೆದೂಗುತ್ತಿದ್ದರು. ಏಳೆಂಟು ಮಹಡಿ ಹತ್ತಿ ಬೆವರಿಳಿಸುತ್ತಾ ನಿಂತ ಅಧಿಕಾರಿಯನ್ನು ಕಂಡರೆ ಯಾರಿಗೆ ತಾನೇ ಅನುಮಾನ ಬರುತ್ತದೆ?

ಅಸಲು ವಿಷಯ ಇಷ್ಟೇ. ಒಂದು ಲಿಫ್ಟಿಗೆ ಐದು ಉಕ್ಕಿನ ಹಗ್ಗ ಇರುತ್ತವೆ. ತೂಕ ತಡೆಯಲು ಒಂದೇ ಸಾಕು, ಉಳಿದ ನಾಲ್ಕು ಮನುಷ್ಯರ ಸಮಾಧಾನಕ್ಕೆ. ಇದನ್ನು ಊರಿಗೆಲ್ಲ ಬಿಡಿಸಿ ಹೇಳುತ್ತಿದ್ದವರು ಇನ್ಸ್‌ಪೆಕ್ಟರೇ. ಆದರೆ ಅವರ ಸಮಾಧಾನಕ್ಕೆ ಆರನೆಯದು ಬೇಕಿತ್ತು, ಅದನ್ನು ಯಾವ ಕಂಪನಿಯೂ ತಯಾರಿಸಿರಲಿಲ್ಲ.

ಹೀಗೇ ನಿವೃತ್ತಿಯವರೆಗೂ ಹತ್ತಿಬಿಡುತ್ತಿದ್ದರೇನೋ. ಅಷ್ಟರಲ್ಲಿ ಬೇರೊಬ್ಬ ಇನ್ಸ್‌ಪೆಕ್ಟರು ಲಿಫ್ಟೇ ಇಲ್ಲದ ಕಟ್ಟಡದ ಲಿಫ್ಟಿಗೆ 'ತೃಪ್ತಿಕರ, ಸದ್ದು ಕಡಿಮೆ' ಎಂದು ಬರೆದು ಸಿಕ್ಕಿಬಿದ್ದರು. ಇಲಾಖೆಯಿಂದ ಸುತ್ತೋಲೆ ಬಂತು: ಇನ್ನೆರಡು ತಿಂಗಳ ನಂತರ ಇನ್ಸ್‌ಪೆಕ್ಟರು ಖುದ್ದಾಗಿ, ಕಟ್ಟಡದ ಪ್ರತಿನಿಧಿಯ ಸಮಕ್ಷಮ, ಪ್ರತಿ ಮಹಡಿಗೂ ಲಿಫ್ಟಿನೊಳಗೇ ನಿಂತು ಸಂಚರಿಸತಕ್ಕದ್ದು. ತಪ್ಪಿದವರನ್ನು ಸೇವೆಯಿಂದ ಬಿಡುಗಡೆ ಮಾಡಲಾಗುವುದು. ಕೆಳಗೆ ದೊಡ್ಡ ಸಾಹೇಬರ ಸಹಿ.

ಆ ರಾತ್ರಿಯ ಊಟ ತಟ್ಟೆಯಲ್ಲೇ ಆರಿತು. ಹೆಂಡತಿ ದರ್ಜಿ. ಗಿರಾಕಿಗಳನ್ನು ಬಾಗಿಲಲ್ಲೇ ನೋಡಿ ಅಳತೆ ಹೇಳುವಾಕೆ.

"ರೀ, ನೀವು ಬಾಗಿಲಿಗೆ ಕಿವಿ ಹಚ್ಚೋದು ಯಾಕೆ ಅಂತ ಮದುವೆಯಾದ ಒಂದೇ ತಿಂಗಳಿಗೆ ನಂಗೆ ಗೊತ್ತಾಗಿದೆ."

ಇನ್ಸ್‌ಪೆಕ್ಟರು ಸುತ್ತೋಲೆಯನ್ನು ಮಡಚಿದರು. "ಯಾರಿಗಾದ್ರೂ ಹೇಳಿದೀಯಾ?"

"ಅಕ್ಕಪಕ್ಕದವರಿಗೆ ಯಾಕೆ ಹೇಳ್ಲಿ?"

"ನಿಮ್ಮಮ್ಮಂಗೆ?"

"ಹೇಳಿಲ್ಲ."

"ಅಷ್ಟು ಸಾಕು" ಎಂದು ಇನ್ಸ್‌ಪೆಕ್ಟರು ಒಂದು ತುತ್ತು ಉಂಡರು.

ಅತ್ತೆಯವರ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಮಗಳು ಅಳಿಯ ನೆಲಮಹಡಿಯಲ್ಲಿದ್ದರೆ ಅವರು ಅದೇ ಕಟ್ಟಡದ ಏಳನೆಯದರಲ್ಲಿದ್ದರು. ಬೀದಿ ಪೂರ್ತಿ ಕಾಣುತ್ತದೆ ಎಂದು ತಾವೇ ಆರಿಸಿಕೊಂಡ ಮನೆ. ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಟೈಪು ಮಾಡಿದವರು. ಯಾರು ಯಾವಾಗ ಏನು ಹೇಳಿದರು ಎಂಬುದು ಅವರಿಗೆ ಅಲ್ಪವಿರಾಮದ ಸಮೇತ ನೆನಪಿರುತ್ತಿತ್ತು. ಮಂಡಿ ನೋವು, ಭಾರದ ಶರೀರ, ಎರಡೂ ಕಣ್ಣಿಗೆ ಪೊರೆ. ನಾಲ್ಕು ತಿಂಗಳು ಕಾದ ಮೇಲೆ ಕಣ್ಣಾಸ್ಪತ್ರೆಯವರು ಬಲಗಣ್ಣಿನ ಆಪರೇಷನ್ನಿಗೆ ದಿನ ಕೊಟ್ಟಿದ್ದರು: ಗುರುವಾರ, ಬೆಳಿಗ್ಗೆ ಹತ್ತಕ್ಕೆ. ತಪ್ಪಿದರೆ ಮತ್ತೆ ನಾಲ್ಕು ತಿಂಗಳು. ಈ ಗುರುವಾರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಅತ್ತೆಯವರು ಯಾರನ್ನೂ ಮರೆಯಲು ಬಿಡುತ್ತಿರಲಿಲ್ಲ.

ಹೆಂಡತಿಯೇ ಹುಡುಕಿದ ಮನೋವೈದ್ಯೆಯ ಕೊಠಡಿ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿತ್ತು. ಇನ್ಸ್‌ಪೆಕ್ಟರು ಬಂದು ಕುರ್ಚಿಗೆ ಒರಗಿದಾಗ ಎದೆ ತಿದಿಯಂತೆ ಏರಿಳಿಯುತ್ತಿತ್ತು.

"ನಿಧಾನವಾಗಿ ಉಸಿರಾಡಿ" ಎಂದರು ಡಾಕ್ಟರಮ್ಮ. "ಆತಂಕ ಬಂದಾಗೆಲ್ಲ ಹೀಗೇ ಆಗುತ್ತಾ?"

"ಇಲ್ಲ ಮೇಡಂ. ಇದು ಮೆಟ್ಟಿಲು."

ಡಾಕ್ಟರಮ್ಮ ಸಮಾಧಾನದಿಂದ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ತಾವು ಕಲಿಸುವ ಪದ್ಧತಿಗೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎನ್ನುತ್ತಾರೆ, ಹೆಸರು ಕೇಳಿ ಗಾಬರಿಯಾಗಬೇಡಿ ಎಂದರು. "ಒಂದಕ್ಕೊಂದು ವಿರುದ್ಧ ಅನ್ನಿಸೋ ಎರಡು ಮಾತನ್ನ ಒಟ್ಟಿಗೇ ಒಪ್ಕೊಳ್ಳೋದು. 'ನನಗೆ ಲಿಫ್ಟ್ ಅಂದ್ರೆ ಭಯ' ಅನ್ನೋದೂ ನಿಜ. 'ನಾನು ಲಿಫ್ಟಲ್ಲಿ ಹೋಗಬಲ್ಲೆ' ಅನ್ನೋದೂ ನಿಜ."

"ಎರಡೂ ನಿಜ ಆದ್ರೆ ಫೈಲಲ್ಲಿ ಯಾವುದನ್ನ ಬರೀಬೇಕು ಮೇಡಂ?"

"ಎರಡನ್ನೂ."

ಹನ್ನೊಂದು ವರ್ಷದ ಸರ್ಕಾರಿ ಸೇವೆಯಲ್ಲಿ ಇಂಥ ಮಾತು ಇನ್ಸ್‌ಪೆಕ್ಟರ ಕಿವಿಗೆ ಬಿದ್ದಿರಲಿಲ್ಲ. ಆದರೂ ವಾರಕ್ಕೊಮ್ಮೆಯಂತೆ ಆರು ವಾರ ಹೋದರು. ಭಯ ಮೇಲೇರಿದಾಗ ಕೆನ್ನೆಗೆ ಐಸು ಒತ್ತಿಕೊಳ್ಳುವುದು, ಮೈ ತಣ್ಣಗಾದರೆ ಎದೆಬಡಿತ ಇಳಿಯುತ್ತದೆ. ಅಂಗೈ ಮೇಲೆ ಮಾಡಿ ಬಿಚ್ಚಿಡುವುದು, ತುಟಿಯಂಚಿನಲ್ಲಿ ಕಿರುನಗೆ ತಂದುಕೊಳ್ಳುವುದು. ಕಾಣುವ ಐದು ವಸ್ತು, ಕೇಳುವ ಮೂರು ಸದ್ದು, ಮೂಗಿಗೆ ಬರುವ ಎರಡು ವಾಸನೆ ಗುರುತಿಸಿ ಮನಸ್ಸನ್ನು ಈ ಕ್ಷಣಕ್ಕೆ ಎಳೆದು ತರುವುದು. ಹೆದರಿಕೆ 'ಓಡು' ಎಂದರೆ ಅಲ್ಲೇ ನಿಲ್ಲುವುದು. ಇದೆಲ್ಲ ಹೇಗೋ ಕೈಗೆ ಹತ್ತಿತು. ಕಷ್ಟವಾದದ್ದು ಒಂದೇ: ಕಂಡದ್ದನ್ನು ಕಂಡಂತೆ ಬಾಯಿಬಿಟ್ಟು ಹೇಳಬೇಕು, ಆದರೆ ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪು ಕೊಡಬಾರದು. ತೀರ್ಪು ಕೊಡುವುದಕ್ಕೇ ತಿಂಗಳಿಗೆ ಸಂಬಳ ತೆಗೆದುಕೊಳ್ಳುವವರಿಗೆ ಇದು ಸುಲಭವಲ್ಲ. ಮನೆಯ ಬಟ್ಟೆ ಬೀರುವಿನೊಳಗೆ ನಿಂತು, ಬಾಗಿಲು ಮುಚ್ಚಿಕೊಂಡು, "ಕತ್ತಲಿದೆ. ಕತ್ತಲು ಅಷ್ಟೇ. ಒಂದು ಹ್ಯಾಂಗರ್ ಬೆನ್ನಿಗೆ ಚುಚ್ತಿದೆ" ಎಂದು ಅಭ್ಯಾಸ ಮಾಡಿದರು. ಹೊಲಿಗೆಗೆ ಕೊಡಲು ಬಂದಿದ್ದ ಗಿರಾಕಿಯೊಬ್ಬಳು ಬಟ್ಟೆ ಬಿಟ್ಟೇ ಓಡಿದಳು.

ಡಾಕ್ಟರಮ್ಮ ಒಂದು ಕಟ್ಟು ಹಾಳೆ ಕೊಟ್ಟಿದ್ದರು. ದಿನವೂ ತುಂಬಬೇಕು. ಸ್ಥಳ, ಭಯ ಎಷ್ಟು (ಸೊನ್ನೆಯಿಂದ ಹತ್ತು), ಬಳಸಿದ ಉಪಾಯ, ಆಮೇಲೆ ಭಯ ಎಷ್ಟು. ಕೊನೆಯಲ್ಲಿ, 'ನಾನು ಹೆದರುವ ಸಂಗತಿ ನಡೆಯುವುದಿಲ್ಲ ಎನ್ನಲು ಸಾಕ್ಷ್ಯ'. ಇನ್ಸ್‌ಪೆಕ್ಟರಿಗೆ ಇಡೀ ಚಿಕಿತ್ಸೆಯಲ್ಲಿ ಪರಮಾಪ್ತವಾದದ್ದು ಈ ನಮೂನೆ. ಇಲಾಖೆಯ ನಮೂನೆಗಿಂತ ಗೆರೆಗಳು ನೇರವಾಗಿದ್ದವು.

ಆಪರೇಷನ್ನಿನ ವಾರದ ಸೋಮವಾರವೇ ಸುತ್ತೋಲೆ ಜಾರಿಗೆ ಬಂತು. ಅಂದು ಪರೀಕ್ಷೆಗೆ ಬಂದ ಮೊದಲ ಲಿಫ್ಟು, ಅವರ ವಾರ್ಡಿನ ಪಟ್ಟಿಯಂತೆ, ಅವರದೇ ಕಟ್ಟಡದ್ದು. ಪ್ರತಿನಿಧಿಯಾಗಿ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಕಾದು ನಿಂತಿದ್ದರು. ನಿವೃತ್ತ ಭೂಗೋಳದ ಮೇಷ್ಟ್ರು. ಕೈಯಲ್ಲಿ ನೋಟ್‌ಬುಕ್ಕು, ಕೊರಳಲ್ಲಿ ಸೂಚನಾ ಫಲಕದ ಗಾಜಿನ ಬಾಗಿಲಿನ ಕೀಲಿ.

ಇಬ್ಬರೂ ಒಳಹೊಕ್ಕರು.

"ಬಾಗಿಲು ಮುಚ್ಚಿತು" ಎಂದರು ಇನ್ಸ್‌ಪೆಕ್ಟರು.

"ಮುಚ್ಚಲೇಬೇಕಲ್ಲ ಸಾರ್."

"ಅಂಗೈ ಒದ್ದೆಯಾಗಿದೆ."

ಕಾರ್ಯದರ್ಶಿಗಳು ತಮ್ಮ ಅಂಗೈ ನೋಡಿಕೊಂಡರು. ಒಣಗಿತ್ತು. ಆದರೂ ನೋಟ್‌ಬುಕ್ಕಿನಲ್ಲಿ 'ಒಳಗೆ ತೇವಾಂಶ' ಎಂದು ಬರೆದರು.

ಲಿಫ್ಟು ಮೇಲೇರಿತು. ಇನ್ಸ್‌ಪೆಕ್ಟರು ಹೆಗಲಿನ ಫ್ಲಾಸ್ಕು ಬಿಚ್ಚಿ, ಐಸಿನ ತುಂಡನ್ನು ಕರ್ಚೀಫಿನಲ್ಲಿ ಸುತ್ತಿ ಕೆನ್ನೆಗೆ ಒತ್ತಿಕೊಂಡರು.

"ಹಲ್ಲುನೋವಾ ಸಾರ್?"

"ಒಂದು ಸದ್ದು ಕೇಳ್ತಿದೆ. ಅದು ಸದ್ದು. ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ."

"ಯಾವ ಸದ್ದು? ನಂಗೆ ಕೇಳ್ತಿಲ್ವಲ್ಲ."

ಅದು ಅವರದೇ ಎದೆಯ ಸದ್ದು. "ನಿಮಗೆ ಕೇಳಲ್ಲ" ಎಂದರು ಇನ್ಸ್‌ಪೆಕ್ಟರು ಪ್ರಾಮಾಣಿಕವಾಗಿ.

ಕಾರ್ಯದರ್ಶಿಗಳು 'ನಮಗೆ ಕೇಳದ ಸದ್ದು' ಎಂದು ಬರೆದುಕೊಂಡರು. ಮೂರನೇ ಮಹಡಿ ಬರುವ ಹೊತ್ತಿಗೆ ಇನ್ಸ್‌ಪೆಕ್ಟರು ಗೋಡೆಗೆ ಬೆನ್ನು ಹಚ್ಚಿ, ಎರಡೂ ಅಂಗೈ ಬಿಚ್ಚಿಟ್ಟು, ನೀರು ತೊಟ್ಟಿಕ್ಕುವ ಮುಖದಲ್ಲಿ ಕಿರುನಗೆ ಹೊತ್ತು ನಿಂತಿದ್ದರು.

"ಗುಂಡಿ ಕಾಣ್ತಿದೆ. ಕನ್ನಡಿ ಕಾಣ್ತಿದೆ. ಫ್ಯಾನು. ಒಂದು ಸ್ಕ್ರೂ. ಮತ್ತೆ... ನೀವು."

"ನಾನಾ? ನಾನೇನು ಮಾಡ್ದೆ ಸಾರ್?"

ಇನ್ಸ್‌ಪೆಕ್ಟರು ಉತ್ತರ ಕೊಡದೆ ಮೊದಲು ಗಾಳಿಯನ್ನೂ ಆಮೇಲೆ ಕಾರ್ಯದರ್ಶಿಗಳ ಭುಜವನ್ನೂ ಮೂಸಿದರು. ಎರಡು ವಾಸನೆ ಆಯಿತು. ಕಂಕುಳಲ್ಲಿದ್ದ ಬರೆಯುವ ರಟ್ಟು ತೆಗೆದು, ಅದರ ಮೇಲಿನ ಹಾಳೆಯಲ್ಲಿ ಮಹಡಿವಾರು ಅಂಕಿ ಗೀಚಿಕೊಂಡರು.

ಆದರೆ ನಾಲ್ಕು ದಾಟಿದ ಮೇಲೆ ಏನೋ ಸಡಿಲವಾಯಿತು. ಐದು ಬಂತು, ಆರು ಬಂತು. ಏಳನೆಯದರಲ್ಲಿ ಬಾಗಿಲು ತೆರೆದಾಗ ಇನ್ಸ್‌ಪೆಕ್ಟರು ಬದುಕಿದ್ದರು. ಮತ್ತೆ ನೆಲಕ್ಕಿಳಿದಾಗಲೂ ಬದುಕಿದ್ದರು. ಆ ಸಂತೋಷದಲ್ಲಿ ಅವರಿಗೆ ಕುಣಿಯಬೇಕೆನ್ನಿಸಿತು. ಸರ್ಕಾರಿ ನೌಕರರಾದ್ದರಿಂದ ಕುಣಿಯಲಿಲ್ಲ. ಪರೀಕ್ಷೆ ಮುಗಿದ ಕೂಡಲೇ ರಟ್ಟಿನ ಮೇಲಿನ ಮೊದಲ ಹಾಳೆಯನ್ನು ಕಿತ್ತು ಕಟ್ಟಡದವರ ಕೈಗಿಡಬೇಕು ಎಂಬುದು ಇಲಾಖೆಯ ನಿಯಮ. ನಾನೂರ ಹದಿನಾರು ಸಲ ಕಿತ್ತ ಕೈ ನಾನೂರ ಹದಿನೇಳನೆಯ ಸಲವೂ ತಾನಾಗಿ ಕಿತ್ತಿತು, ಕೊಟ್ಟಿತು. ಮೊದಲ ಹಾಳೆ ಡಾಕ್ಟರಮ್ಮನದು.

ಸಂಜೆ ಅವರು ಮನೆಗೆ ಬಂದಾಗ ಸೂಚನಾ ಫಲಕದ ಮುಂದೆ ಜನ ಜಮಾಯಿಸಿದ್ದರು. ಗಾಜಿನ ಹಿಂದೆ, ನಾಲ್ಕು ಮೂಲೆಗೂ ಪಿನ್ನು ಚುಚ್ಚಿಸಿಕೊಂಡು, ಅವರದೇ ಅಕ್ಷರ:

ನೆಲಮಹಡಿ: ಭಯ 5. ಒಂದನೇ ಮಹಡಿ: 6. ಎರಡನೇ ಮಹಡಿ: 8. ಮೂರನೇ ಮಹಡಿ: 10. ಬಳಸಿದ ಉಪಾಯ: ಐಸು, ಕಿರುನಗೆ. ಆಮೇಲೆ ಭಯ: 7. ಸಾಯುವುದಿಲ್ಲ ಎನ್ನಲು ಸಾಕ್ಷ್ಯ: ಈವರೆಗೆ ಯಾರೂ ಸತ್ತಿಲ್ಲ.

"ಈವರೆಗೆ!" ಎಂದಳು ಐದನೇ ಮಹಡಿಯ ದಂತವೈದ್ಯೆ. "ಈವರೆಗೆ ಅಂದ್ರೇನ್ರೀ ಅರ್ಥ?"

"ಮೂರನೇ ಮಹಡಿಗೆ ಹತ್ತಕ್ಕೆ ಹತ್ತು" ಎಂದ ಆ ಮಹಡಿಯ ವ್ಯಾಯಾಮ ಶಾಲೆಯ ತರಬೇತುದಾರ. ಅವನ ದನಿಯಲ್ಲಿ ಭಯದ ಜೊತೆಗೆ ತುಸು ಹೆಮ್ಮೆಯೂ ಇತ್ತು.

ಕಾರ್ಯದರ್ಶಿಗಳು ಆಗಲೇ ಲಿಫ್ಟಿನ ಕರೆಂಟು ತೆಗೆದು, ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ, ಆ ಕೀಲಿಯನ್ನೂ ಕೊರಳಿಗೆ ಸೇರಿಸಿಕೊಂಡಿದ್ದರು. ಬಾಗಿಲಿಗೆ ಅಡ್ಡವಾಗಿ ಒಂದು ಕುರ್ಚಿ. "ಬನ್ನಿ ಸಾರ್" ಎಂದು ಕೈ ಹಿಡಿದುಕೊಂಡರು. "ಹನ್ನೊಂದು ವರ್ಷ ಹೊರಗಿಂದ ಕೇಳಿದ್ರಿ, ಒಂದು ದಿನ ಒಳಗೆ ಹೋದ್ರಿ, ಸತ್ಯ ಹೊರಗೆ ಬಂತು. ನಮ್ಮೆಲ್ಲರ ಜೀವ ಉಳಿಸಿದ್ರಿ."

"ಆ ಅಂಕಿಗಳು ಲಿಫ್ಟಿನದಲ್ಲ" ಎಂದರು ಇನ್ಸ್‌ಪೆಕ್ಟರು.

"ಮತ್ತೆ ಯಾರದು?"

ಹದಿನಾಲ್ಕು ಮುಖಗಳು ಅವರತ್ತ ತಿರುಗಿದವು. ಹದಿನಾಲ್ಕರಲ್ಲೂ ಗೌರವ. ಎದುರಿನವರನ್ನು ನೇರವಾಗಿ ನೋಡಿ, ತನ್ನ ಅಗತ್ಯವನ್ನು ಸ್ಪಷ್ಟವಾಗಿ ಹೇಳಬೇಕೆಂದು ಡಾಕ್ಟರಮ್ಮ ಎರಡು ವಾರ ಕಲಿಸಿದ್ದರು. ಇನ್ಸ್‌ಪೆಕ್ಟರು ನೇರವಾಗಿ ನೋಡಿದರು. ಸ್ಪಷ್ಟವಾಗಿ ಹೇಳಿದರು.

"ಇಲಾಖೆಯದು."

ಮನೆಯೊಳಗೆ ಹೆಂಡತಿ ಫೋನು ಹಿಡಿದು ನಿಂತಿದ್ದಳು. ಆ ಕಡೆಯಿಂದ ಅತ್ತೆಯವರ ದನಿ ಕೋಣೆಗೆಲ್ಲ ಕೇಳುತ್ತಿತ್ತು. "ಅಳಿಯಂದ್ರಿಗೆ ಕೊಡು. ಅಳಿಯಂದ್ರೇ, ನನ್ನ ಆಪರೇಷನ್ನು ಗುರುವಾರ ಹತ್ತಕ್ಕೆ. ಲಿಫ್ಟು ನಿಲ್ಸಿದ್ದು ನೀವಂತೆ. ಒಳ್ಳೇದೇ ಮಾಡಿದೀರಿ, ನನ್ನ ಅಳಿಯ ಸುಳ್ಳು ಬರೆಯೋರಲ್ಲ. ಆದ್ರೆ ನಾನು ಇಳಿಯೋದು ಹೇಗೆ ಅಂತಾನೂ ಅದರಲ್ಲೇ ಬರೀಬೇಕಿತ್ತು."

ಮಂಗಳವಾರ ತರಬೇತುದಾರನ ಮುಂದಾಳತ್ವದಲ್ಲಿ ನಾಲ್ವರು ಗಟ್ಟಿಮುಟ್ಟು ಆಳುಗಳು ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿ ನೋಡುವ ಪ್ರಯೋಗ ಮಾಡಿದರು. ಎಂಟು ಮೆಟ್ಟಿಲು ಇಳಿದರು. ತಿರುವಿನಲ್ಲಿ ಕುರ್ಚಿ ವಾಲಿತು. "ನಿಲ್ಸಿ" ಎಂದರು ಅತ್ತೆಯವರು. "ನಿಮ್ಮಲ್ಲಿ ಇಬ್ಬರ ಉಸಿರು ಸರಿಯಿಲ್ಲ, ಒಬ್ಬನ ಕೈ ಜಾರ್ತಿದೆ. ನನ್ನನ್ನ ವಾಪಸ್ಸು ಇಟ್ಟು ಮನೆಗೆ ಹೋಗಿ ಮಲಗಿ." ಇಟ್ಟರು, ಹೋದರು, ಮಲಗಿದರು. ತರಬೇತುದಾರ ಎರಡು ದಿನ ವ್ಯಾಯಾಮ ಶಾಲೆ ತೆರೆಯಲಿಲ್ಲ.

ಬುಧವಾರ ಕಚೇರಿಯಲ್ಲಿ ದೊಡ್ಡ ಸಾಹೇಬರು ಕರೆಸಿದರು. ಅವರ ಕೊಠಡಿ ನೆಲಮಹಡಿಯಲ್ಲಿತ್ತು. ಮೇಜಿನ ಮೇಲೆ ಕಾರ್ಯದರ್ಶಿಗಳು ಬರೆದ ಪತ್ರ, ಜೊತೆಗೆ ಆ ಹಾಳೆಯ ನಕಲು.

"ಏನ್ರೀ ಇದು?"

"ಅದು... ಒಂದು ನಮೂನೆ ಸಾರ್."

"ನಮೂನೆ ಅಂತ ನಂಗೂ ಗೊತ್ತಾಗುತ್ತೆ. ಯಾವಾಗಿಂದ ಜಾರಿಗೆ ಬಂತು?" ಎಂದು ಕೇಳಿದವರು, ಇಲಾಖೆಯ ನಮೂನೆ ತಮಗೇ ಗೊತ್ತಿಲ್ಲ ಎಂದಾಯಿತಲ್ಲ ಎಂದು ಹೊಳೆದು, ದನಿ ತಗ್ಗಿಸಿದರು. "ಇರಲಿ. ಹತ್ತಕ್ಕೆ ಹತ್ತು ಅಂದ್ರೆ ಒಳ್ಳೇದೋ ಕೆಟ್ಟದ್ದೋ?"

"ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ ಸಾರ್. ಕಂಡದ್ದನ್ನ ಕಂಡ ಹಾಗೆ ಬರೆಯೋದು."

ಅಷ್ಟರಲ್ಲಿ ಫೋನು ಬಂತು. ಪಕ್ಕದ ಕಟ್ಟಡದವರು. "ನಮಗೆ ಬರೀ 'ತೃಪ್ತಿಕರ' ಅಂತ ಗೀಚಿ ಕೊಟ್ಟಿದೀರಿ, ಅವರಿಗೆ ಮಹಡಿ ಮಹಡಿಗೂ ಅಂಕ! ನಾವೇನು ತೆರಿಗೆ ಕಟ್ಟಲ್ವಾ? ನಮ್ಮ ಲಿಫ್ಟಿಗೂ ಭಯ ಹಾಕ್ಕೊಡಿ!" ಅದನ್ನು ಇಡುವಷ್ಟರಲ್ಲಿ ಇನ್ನೊಂದು ಕಟ್ಟಡ. ಅವರ ಪ್ರಕಾರ ಅವರ ಲಿಫ್ಟಿನಲ್ಲಿ ಕನಿಷ್ಠ ಎಂಟಾದರೂ ಇತ್ತು.

ಇನ್ಸ್‌ಪೆಕ್ಟರು ಎಲ್ಲ ಧೈರ್ಯವನ್ನೂ ಒಂದೆಡೆ ಸೇರಿಸಿದರು. "ಸಾರ್, ಆ ಚೀಟಿಯನ್ನ ರದ್ದು ಮಾಡಿ. ಲಿಫ್ಟಲ್ಲಿ ದೋಷ ಇಲ್ಲ. ನಾಳೆ ಹತ್ತಕ್ಕೆ ನಮ್ಮತ್ತೆ ಕಣ್ಣಿನ ಆಪರೇಷನ್ನು ಇದೆ. ಅವರು ಏಳನೇ ಮಹಡಿಲಿದಾರೆ."

"ಹತ್ತು ಅಂತ ಬರೆದವರೂ ನೀವೇ, ದೋಷ ಇಲ್ಲ ಅನ್ನೋರೂ ನೀವೇ. ಎರಡರಲ್ಲಿ ಯಾವುದ್ರೀ ನಿಜ?"

"ಎರಡೂ ಸಾರ್."

ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನಾಳೆ ಎಂಟೂವರೆಗೆ ನಾನೇ ಬರ್ತೀನಿ. ಜಂಟಿ ಪರಿಶೀಲನೆ. ಆಮೇಲೆ ನಿಮ್ಮ ವಿಷಯ ತೀರ್ಮಾನ ಮಾಡೋಣ." ಕೊನೆಯ ವಾಕ್ಯ ಹೇಳುವಾಗ ಅವರು ಸುತ್ತೋಲೆಯ ಮೇಲೆ ಬೆರಳಿಟ್ಟಿದ್ದರು.

ಗುರುವಾರ ಎಂಟೂವರೆಗೆ ನೆಲಮಹಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಪಕ್ಕದ ಕಟ್ಟಡದವರೂ ಬಂದಿದ್ದರು. ಹೊರಗೆ ಹೆಂಡತಿ ಟ್ಯಾಕ್ಸಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಕಾರ್ಯದರ್ಶಿಗಳು ಕುರ್ಚಿ ಸರಿಸಿ, ಬೀಗ ತೆಗೆದು, ಕರೆಂಟು ಕೊಟ್ಟರು. ಬಾಗಿಲು ತೆರೆಯಿತು. ದೀಪ ಬೆಳಗಿತು. ಫ್ಯಾನು ತಿರುಗಿತು. ಜನ ಎರಡು ಹೆಜ್ಜೆ ಹಿಂದೆ ಸರಿದರು.

"ಬನ್ನಿ ಸಾರ್" ಎಂದರು ಇನ್ಸ್‌ಪೆಕ್ಟರು ಒಳಗಿನಿಂದ.

ದೊಡ್ಡ ಸಾಹೇಬರು ಹೊಸ್ತಿಲವರೆಗೆ ಬಂದರು. ಒಂದು ಕಾಲೆತ್ತಿದರು. ಎತ್ತಿದ ಕಾಲನ್ನು ಅಲ್ಲಿಯೇ ವಾಪಸ್ಸು ಇಟ್ಟರು. ಪ್ಯಾಂಟಿಗೆ ಅಂಗೈ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು, "ನೀವು ಹೋಗಿ. ಲಿಫ್ಟನ್ನ ಒಳಗಿಂದ ನೋಡಬಾರದು. ನಾನು ಹೊರಗಿಂದ ಕೇಳ್ತೀನಿ."

ಇನ್ಸ್‌ಪೆಕ್ಟರು ಅವರ ಮುಖ ನೋಡಿದರು. ತೀರ್ಪು ಕೊಡದೆ ನೋಡಿದರು. ಆಮೇಲೆ ಫ್ಲಾಸ್ಕಿನಿಂದ ಒಂದು ತುಂಡು ಐಸು ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಅವರ ಕೈಗಿಟ್ಟರು.

"ಇದ್ಯಾಕ್ರೀ?"

"ಹೊರಗಿಂದ ಕೇಳೋಕೆ ಸಾರ್."

ಕಾರ್ಯದರ್ಶಿಗಳಿಗೆ ಕೀಲಿ ಕಾಯುವ ಜವಾಬ್ದಾರಿ ಇದ್ದಕ್ಕಿದ್ದಂತೆ ನೆನಪಾಯಿತು. ಬಾಗಿಲು ಮುಚ್ಚಿತು. ಹೀಗೆ ಇನ್ಸ್‌ಪೆಕ್ಟರು ಜೀವನದಲ್ಲಿ ಮೊದಲ ಬಾರಿ ಲಿಫ್ಟಿನಲ್ಲಿ ಒಬ್ಬರೇ ಹೊರಟರು. ಮೂಸಲು ಸಹ ಯಾರೂ ಇರಲಿಲ್ಲ. ತಮ್ಮ ಭುಜವನ್ನೇ ಮೂಸಿಕೊಂಡರು. ಎರಡನೆಯದರಲ್ಲಿ ಎಂಟು, ಮೂರರಲ್ಲಿ ಒಂಬತ್ತು, ನಾಲ್ಕರಲ್ಲಿ ಎಂಟು. ಏಳರಲ್ಲಿ ಬಾಗಿಲು ಸರಿಯಿತು.

ಅತ್ತೆಯವರು ಚೀಲ, ಕೊಡೆ, ಆಸ್ಪತ್ರೆಯ ಫೈಲು ಎಲ್ಲ ಹಿಡಿದು ಎದುರಿಗೇ ಕುರ್ಚಿಯಲ್ಲಿ ಕೂತಿದ್ದರು. ಏಳಲಿಲ್ಲ.

"ಬನ್ನಿ ಅತ್ತೆ, ಹೊತ್ತಾಯ್ತು."

"ನಾನು ಅದರೊಳಗೆ ಬರಲ್ಲ."

"ಯಾಕೆ?"

"ಯಾಕೆ ಅಂತ ಕೇಳ್ತೀರಲ್ಲ. 'ಮೂರನೇ ಮಹಡಿ, ಹತ್ತು. ಈವರೆಗೆ ಯಾರೂ ಸತ್ತಿಲ್ಲ.' ಬರೆದವರು ನೀವು. ನಂಗೆ ಕಣ್ಣು ಕಾಣದೇ ಇದ್ರೂ ಕಿವಿ ಕೇಳುತ್ತೆ. ದಂತವೈದ್ಯೆ ಫೋನಲ್ಲಿ ಪೂರ್ತಿ ಓದಿ ಹೇಳಿದ್ಲು. ಮೂವತ್ತು ವರ್ಷ ಹೇಳಿಕೆ ಟೈಪು ಮಾಡಿದೀನಿ, ಯಾವುದು ಸುಳ್ಳು ಯಾವುದು ನಿಜ ನಂಗೆ ಗೊತ್ತಾಗುತ್ತೆ. ಅದು ಅಕ್ಷರ ಅಕ್ಷರ ನಿಜ. ನಾನು ಮೆಟ್ಟಿಲಲ್ಲೇ ಇಳೀತೀನಿ. ಮುಂದಿನ ವಾರ ತಲುಪಿದ್ರೂ ಪರವಾಗಿಲ್ಲ."

ಗಡಿಯಾರದಲ್ಲಿ ಎಂಟು ಐವತ್ತು. ಲಿಫ್ಟಿನ ಬಾಗಿಲು ಮುಚ್ಚಲು ಬಂದು ಇನ್ಸ್‌ಪೆಕ್ಟರ ಬೂಟಿಗೆ ತಾಗಿ ಮತ್ತೆ ತೆರೆದುಕೊಂಡಿತು. ಎರಡು ಸಲ ಹಾಗೇ ಆಯಿತು. ಮೂರನೆಯ ಸಲ ಅವರು ಬಾಯಿ ತೆರೆದರು.

"ಅದು ಲಿಫ್ಟಿಗೆ ಕೊಟ್ಟದ್ದಲ್ಲ ಅತ್ತೆ. ನನಗೆ."

"ಏನು ನಿಮಗೆ?"

"ಭಯ. ನನ್ನ ಭಯ. ಹತ್ತಕ್ಕೆ ಹತ್ತು. ಮೊನ್ನೆ ಸೋಮವಾರದವರೆಗೆ ನಾನು ಇದರೊಳಗೆ ಯಾವತ್ತೂ ಹತ್ತಿದವನೇ ಅಲ್ಲ. ಅದು ಡಾಕ್ಟರು ನಂಗೆ ಕೊಟ್ಟ ಹಾಳೆ, ತಪ್ಪಿ ಕೊಟ್ಟುಬಿಟ್ಟೆ."

ಅತ್ತೆಯವರು ಮಂಜುಗಣ್ಣಿನಿಂದ ಅಳಿಯನಿದ್ದ ಕಡೆಗೆ ನೋಡಿದರು.

"ಹಾಗಾದ್ರೆ, ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಏಳು ಮಹಡಿ ನಡ್ಕೊಂಡು ಹತ್ತಿ ನನ್ನ ನೋಡೋಕೆ ಬರ್ತಿದ್ರಲ್ಲ?"

"ಅದೂ ಅದಕ್ಕೇನೇ."

"ನಾನು ಗೌರವ ಅಂದ್ಕೊಂಡಿದ್ದೆ." ಅವರ ದನಿ ಸಣ್ಣದಾಯಿತು. "ಊರೋರಿಗೆಲ್ಲ ಹೇಳ್ಕೊಂಡು ಬಂದಿದೀನಿ. ಲಿಫ್ಟು ಇದ್ರೂ ನನ್ನಳಿಯ ನಡ್ಕೊಂಡೇ ಹತ್ತಿ ಬರ್ತಾರೆ, ಅಷ್ಟು ಮರ್ಯಾದೆ ನನ್ನ ಕಂಡ್ರೆ, ಅಂತ."

ಇನ್ಸ್‌ಪೆಕ್ಟರಿಗೆ ಡಾಕ್ಟರಮ್ಮ ಕಲಿಸಿದ್ದೆಲ್ಲ ಮರೆತು ಹೋಗಿ, ಮೊದಲ ದಿನದ ಮಾತೊಂದೇ ಉಳಿದಿತ್ತು. "ಭಯಾನೂ ನಿಜ ಅತ್ತೆ, ಗೌರವಾನೂ ನಿಜ. ಎರಡೂ ಒಟ್ಟಿಗೇ ನಿಜ ಇರಬಹುದಂತೆ. ಭಯ ಒಂದೇ ಆಗಿದ್ರೆ ಭಾನುವಾರ ಕೆಳಗೇ ಕೂತಿರ್ತಿದ್ದೆ."

ಅತ್ತೆಯವರು ಈ ಹೇಳಿಕೆಯನ್ನು ಮನಸ್ಸಿನಲ್ಲೇ ಒಮ್ಮೆ ಟೈಪು ಮಾಡಿ ನೋಡಿದರು. ತಿದ್ದಬೇಕಾದ್ದು ಏನೂ ಕಾಣಲಿಲ್ಲವೇನೋ, ಕೊಡೆಯೂರಿ ಎದ್ದರು. ಲಿಫ್ಟಿನೊಳಗೆ ಬಂದು, ಅಳಿಯನ ರಟ್ಟೆ ಹಿಡಿದುಕೊಂಡರು. ಬಾಗಿಲು ಮುಚ್ಚಿತು.

"ಅಳಿಯಂದ್ರೇ."

"ಏನತ್ತೆ?"

"ಕಣ್ಣೊಳಗೆ ಕತ್ತಿ ಹಾಕ್ತಾರಂತೆ. ಎಚ್ಚರ ಇರೋವಾಗ್ಲೇ."

ಇನ್ಸ್‌ಪೆಕ್ಟರು ಅವರತ್ತ ತಿರುಗಿದರು. "ಎಷ್ಟು?"

"ಏನೆಷ್ಟು?"

"ಸೊನ್ನೆಯಿಂದ ಹತ್ತಕ್ಕೆ."

"ಒಂಬತ್ತು" ಎಂದರು ಅತ್ತೆಯವರು. ನಂತರ, ಸಾಕ್ಷಿಯೊಬ್ಬ ಮೊದಲ ಹೇಳಿಕೆ ತಿದ್ದುವಂತೆ, "ಒಂಬತ್ತೂವರೆ."

ಇನ್ಸ್‌ಪೆಕ್ಟರು ಫ್ಲಾಸ್ಕು ತೆರೆದರು. ಎರಡು ತುಂಡು ಉಳಿದಿತ್ತು.

ನೆಲಮಹಡಿಯಲ್ಲಿ ದೊಡ್ಡ ಸಾಹೇಬರು ಬಾಗಿಲಿಗೆ ಕಿವಿ ಹಚ್ಚಿ, ಕೆನ್ನೆಗೆ ಕರ್ಚೀಫು ಒತ್ತಿ, ಕಣ್ಣು ಮುಚ್ಚಿ ನಿಂತಿದ್ದರು. ಬಾಗಿಲು ಸರಿದದ್ದೇ ತಡ ಅವರು ಒಳಕ್ಕೆ ವಾಲಿದರು, ಕಾರ್ಯದರ್ಶಿಗಳು ಹಿಡಿದುಕೊಂಡರು. ಒಳಗೆ ಅತ್ತೆ, ಅಳಿಯ ಪಕ್ಕಪಕ್ಕ ನಿಂತಿದ್ದರು. ಇಬ್ಬರ ಕೆನ್ನೆಯಿಂದಲೂ ನೀರು. ಇಬ್ಬರ ತುಟಿಯಲ್ಲೂ ಕಿರುನಗೆ. ಇಬ್ಬರ ಅಂಗೈಯೂ ಬಿಚ್ಚಿಕೊಂಡಿತ್ತು. ಇಂಥ ದೃಶ್ಯಕ್ಕೆ ಜನ ತಯಾರಾಗಿರಲಿಲ್ಲ. ಯಾರೋ ಚಪ್ಪಾಳೆ ತಟ್ಟಲು ಶುರು ಮಾಡಿ, ಸರಿಯೋ ತಪ್ಪೋ ತಿಳಿಯದೆ ನಿಲ್ಲಿಸಿದರು.

ದೊಡ್ಡ ಸಾಹೇಬರು ಕಾಲರು ಸರಿಮಾಡಿಕೊಂಡರು. "ಎಷ್ಟು ಕೊಟ್ರಿ?"

ಇನ್ಸ್‌ಪೆಕ್ಟರು 'ನನಗೆ' ಎಂದು ಬಾಯಿ ತೆರೆದರು. ಇನ್ನೊಂದು ಮಾತು ಆಡಿದ್ದರೆ ಹನ್ನೊಂದು ವರ್ಷದ ಕೆಲಸ ಅಲ್ಲೇ ಮುಗಿಯುತ್ತಿತ್ತು. ಅತ್ತೆಯವರು ಕೊಡೆಯಿಂದ ಅವರ ಬೂಟು ಒತ್ತಿದರು.

"ಬರ್ಕೊಳ್ಳಿ" ಎಂದರು, ಕೋರ್ಟಿನ ದನಿಯಲ್ಲಿ. ಕಾರ್ಯದರ್ಶಿಗಳು ತಾವಾಗಿ ನೋಟ್‌ಬುಕ್ಕು ತೆರೆದರು. "ಲಿಫ್ಟಿಗೆ ಸೊನ್ನೆ. ಮೂರನೇ ಮಹಡಿಗೂ ಸೊನ್ನೆ. ಉಳಿದದ್ದು ನಮ್ಮ ಮನೆ ವಿಷಯ. ಈಗ ದಾರಿ ಬಿಡಿ, ನಂಗೆ ಹತ್ತು ಗಂಟೆಗೆ ಕಣ್ಣಿದೆ."

ದಾರಿ ಬಿಟ್ಟರು. ಟ್ಯಾಕ್ಸಿ ಹತ್ತಕ್ಕೆ ಆರು ನಿಮಿಷವಿರುವಾಗ ಕಣ್ಣಾಸ್ಪತ್ರೆಯ ಬಾಗಿಲು ಮುಟ್ಟಿತು. ಆಪರೇಷನ್ ಕೋಣೆಯೊಳಗಿನಿಂದ "ದೀಪ ಕಾಣ್ತಿದೆ. ದೀಪ ಅಷ್ಟೇ. ಡಾಕ್ಟ್ರ ಕೈಗೆ ಸೋಪಿನ ವಾಸನೆ ಇದೆ" ಎಂಬ ಹೇಳಿಕೆ ಹೊರಗಿನ ಬೆಂಚಿನವರೆಗೂ ಕೇಳಿತು ಎಂದು ಹೆಂಡತಿ ಆಮೇಲೆ ಹೇಳಿದಳು.

ಮುಂದಿನ ವಾರ ಇಲಾಖೆಯಿಂದ ಎರಡು ಸುತ್ತೋಲೆ ಹೊರಬಿದ್ದವು. ಒಂದು, ಎಲ್ಲ ಲಿಫ್ಟುಗಳಿಗೂ ಇನ್ನು ಮುಂದೆ ಮಹಡಿವಾರು ಭಯ ನಮೂದಿಸತಕ್ಕದ್ದು, ಪ್ರತಿ ಇನ್ಸ್‌ಪೆಕ್ಟರಿಗೂ ಒಂದು ಫ್ಲಾಸ್ಕು ಮಂಜೂರು. ಎರಡು, ಅನುಭವಿ ಅಧಿಕಾರಿಗಳು ಬಯಸಿದರೆ ಹೊರಗಿನಿಂದಲೂ ಕೇಳಬಹುದು. ಎರಡನೆಯ ಸುತ್ತೋಲೆಯ ಮೇಲೆ ಸಹಿ ಮಾಡಿದ ದಿನ ದೊಡ್ಡ ಸಾಹೇಬರು ಇನ್ಸ್‌ಪೆಕ್ಟರನ್ನು ಕರೆಸಿ, ಬಾಗಿಲು ಹಾಕಿಸಿ, "ಆ ಐಸು ಹೇಳಿಕೊಟ್ಟ ಡಾಕ್ಟ್ರು ಯಾರಾದ್ರೂ ಇರ್ಬೇಕಲ್ಲ, ಎಷ್ಟನೇ ಮಹಡಿಲಿದಾರೆ?" ಎಂದು ಕೇಳಿದರು. ನಾಲ್ಕನೆಯದು ಎಂದಾಗ ತಮ್ಮ ಮಂಡಿಗಳನ್ನು ಮುಟ್ಟಿ ನೋಡಿಕೊಂಡರು.

ಭಾನುವಾರ ಇನ್ಸ್‌ಪೆಕ್ಟರು ಏಳನೇ ಮಹಡಿಗೆ ಲಿಫ್ಟಿನಲ್ಲಿ ಹೋದರು. ಕರೆಗಂಟೆ ಒತ್ತಿ, ಹಾಳೆ ತೆಗೆದು ಬಾಗಿಲ ಮುಂದೆಯೇ ತುಂಬತೊಡಗಿದರು. ಅತ್ತೆಯವರು ಬಾಗಿಲು ತೆರೆದರು. ಬಲಗಣ್ಣು ಫಳಫಳ ಹೊಳೆಯುತ್ತಿತ್ತು. ಅದು ಅಳಿಯನ ಹಣೆಯ ಮೇಲೆ ನಿಧಾನವಾಗಿ ಓಡಾಡಿತು. ಬೆವರಿರಲಿಲ್ಲ.

"ಲಿಫ್ಟಲ್ಲಿ ಬಂದ್ರಾ?"

"ಹೌದತ್ತೆ."

"ಕಂಡದ್ದನ್ನ ಕಂಡ ಹಾಗೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದರು ಅತ್ತೆಯವರು. "ಗೌರವ ಕಡಿಮೆಯಾಗಿದೆ."

ಹೇಳಿ ಒಳಗೆ ಹೋದರು. ಇನ್ಸ್‌ಪೆಕ್ಟರು ಅಲ್ಲೇ ನಿಂತು ಹಾಳೆಯನ್ನು ಪೂರ್ತಿ ಮಾಡಿದರು: ಏಳನೇ ಮಹಡಿ, ಲಿಫ್ಟಿನ ಬಾಗಿಲು ತೆರೆದಾಗ: 4. ಮನೆಯ ಬಾಗಿಲು ತೆರೆದಾಗ: 8. ಬಳಸಿದ ಉಪಾಯ: ಕಿರುನಗೆ.